ಹೆಸರಿಗೆ ಎಪ್ಪತ್ತೇಳು, ಲೆಕ್ಕಕ್ಕೆ ಅರವತ್ತಾರು
ಇರಿಡಿಯಂ ಎಂಬ ಲೋಹದ ಪರಮಾಣು ಸಂಖ್ಯೆ 77. ಭೂಮಿಯ ಸುತ್ತ 77 ಉಪಗ್ರಹ ಸುತ್ತಿಸಿ, ಧ್ರುವದಿಂದ ಧ್ರುವದವರೆಗೆ ಎಲ್ಲಿ ನಿಂತರೂ ಫೋನ್ ಸಿಗುವಂತೆ ಮಾಡಲು ಹೊರಟ ಮೋಟೊರೋಲಾದವರು ತಮ್ಮ ಯೋಜನೆಗೆ ಅದೇ ಹೆಸರಿಟ್ಟರು. ಆಮೇಲೆ 66 ಸಾಕೆಂದಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು. 66ನೆಯ ಧಾತು ಡಿಸ್ಪ್ರೋಸಿಯಂ; ಆ ಹೆಸರಿನಲ್ಲಿ ಯಾರು ತಾನೇ ಫೋನ್ ಮಾರಿಯಾರು! 1998ರ ನವೆಂಬರ್‌ನಲ್ಲಿ ಸೇವೆ ಶುರುವಾಯಿತು. ಎಂಜಿನಿಯರಿಂಗ್ ಅಪ್ಪಟ: 780 ಕಿ.ಮೀ. ಎತ್ತರದಲ್ಲಿ ಒಂದು ಉಪಗ್ರಹ ಪಕ್ಕದ್ದಕ್ಕೆ ಮಾತು ದಾಟಿಸುತ್ತಾ ಹೋಗುತ್ತದೆ, 36,000 ಕಿ.ಮೀ. ದೂರದ ಭೂಸ್ಥಿರ ಉಪಗ್ರಹದ ಕರೆಯಲ್ಲಿ ಕಾಡುವ ತಡ ಇಲ್ಲಿಲ್ಲ. ತೊಂದರೆಯಿದ್ದುದು ಕೈಯಲ್ಲಿ. ಅರ್ಧ ಕಿಲೋ ಹತ್ತಿರ ತೂಗುವ ಸೆಟ್ಟು, ದಪ್ಪನೆಯ ಆಂಟೆನಾ, ಬೆಲೆ 3,000 ಡಾಲರ್ ಆಸುಪಾಸು. ಅಷ್ಟು ಕೊಟ್ಟವನೂ ಮಾತಾಡಬೇಕೆಂದರೆ ಮನೆಯಿಂದ ಹೊರಬಂದು ಬಯಲಲ್ಲಿ ನಿಲ್ಲಬೇಕು. ಅಷ್ಟರಲ್ಲಿ ಪೇಟೆಗಳಲ್ಲಿ ಸಾದಾ ಮೊಬೈಲಿನ ಟವರ್‌ಗಳು ಎದ್ದಾಗಿತ್ತು. ವರ್ಷ ತುಂಬುವ ಮೊದಲೇ, 1999ರ ಆಗಸ್ಟ್‌ನಲ್ಲಿ, ದಿವಾಳಿ. ಸುಮಾರು 500 ಕೋಟಿ ಡಾಲರ್ ನುಂಗಿದ ವ್ಯವಸ್ಥೆ ಎರಡೂವರೆ ಕೋಟಿಗೆ ಬಿಕರಿಯಾಯಿತು. ಕೊಂಡವರಿಗೆ ಅಮೆರಿಕದ ರಕ್ಷಣಾ ಇಲಾಖೆಯೇ ಖಾಯಂ ಗಿರಾಕಿ. ಈಗ ನಡುಗಡಲಿನ ಹಡಗುಗಳೂ ದಕ್ಷಿಣ ಧ್ರುವದ ಸಂಶೋಧಕರೂ ಇದನ್ನು ಬಳಸುತ್ತಾರೆ. ನಮ್ಮಲ್ಲಿ ಮಾತ್ರ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಇದು ಗೊತ್ತಿರದ ವಿದೇಶಿ ಪ್ರವಾಸಿಗರು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುವುದುಂಟು.