ಫೋನಿನಲ್ಲಿ ತೋಟದ ಲೆಕ್ಕ ಕೇಳುವವರು

ಕಳೆದ ಕೊಯ್ಲಿನ ಸಮಯದಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕಚೇರಿಗೆ ಬಂದು, "ಸೆಕ್ರೆಟರಿಯವರೇ, ನನಗೆ ಎಷ್ಟು ಸಾಲ ಇದೆ ಅಂತ ಫೋನು ಮಾಡಿದ ಹುಡುಗನಿಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದರು. ವಿಚಾರಿಸಿದಾಗ ಸಂಗತಿ ತಿಳಿಯಿತು. ಹದಿನೈದು ದಿನ ಮೊದಲು ‘ಬೆಳೆಗಾರರ ಸಮೀಕ್ಷೆ’ ಎಂದು ಹೇಳಿಕೊಂಡು ಒಂದು ಕರೆ ಬಂದಿತ್ತು. ತೋಟ ಎಷ್ಟು ಎಕರೆ, ಅಡಿಕೆ ಎಷ್ಟು ಕ್ವಿಂಟಾಲ್, ಮನೆಯಲ್ಲಿ ಎಷ್ಟು ಉಳಿದಿದೆ, ಸಾಲ ಯಾವ ಬ್ಯಾಂಕಿನಲ್ಲಿ, ಎಲ್ಲಕ್ಕೂ ಇವರೇ ಸಾವಧಾನವಾಗಿ ಉತ್ತರ ಕೊಟ್ಟಿದ್ದರು. ಅಲ್ಲಿಂದಾಚೆಗೆ ಸಾಲ ಕೊಡುವವರು, ವಿಮೆ ಮಾಡಿಸುವವರು, ಸೈಟು ಮಾರುವವರು ಸಾಲುಗಟ್ಟಿದರು. ಹಳದಿ ಎಲೆ ರೋಗಕ್ಕೆ ರಾಮಬಾಣವಿದೆ ಎಂದವನೂ ಒಬ್ಬ. ಆ ರೋಗವನ್ನು ಗುಣಪಡಿಸುವ ಔಷಧಿ ಇನ್ನೂ ಇಲ್ಲವೆಂಬುದು ಶೃಂಗೇರಿ, ಸುಳ್ಯದ ಕಡೆಯ ಬೆಳೆಗಾರರಿಗೆ ತೋಟ ಕಳೆದುಕೊಂಡು ಗೊತ್ತಾದ ಸತ್ಯ.

"ಬೇಡದ ಕರೆ ಬಂದರೆ ಕಟ್ ಮಾಡಿದರಾಯಿತು, ಇದಕ್ಕೇಕೆ ಲೇಖನ?" ಎಂದು ಕೆಲವರು ಕೇಳಬಹುದು. ಪೇಟೆಯವರಿಗೆ ಆ ಮಾತು ಸರಿ. ನಮಗೆ ಹಾಗಲ್ಲ. ಕೊನೆಗಾರ ಎಷ್ಟು ಹೊತ್ತಿಗೆ ಬರುತ್ತಾನೆ, ಆಳುಗಳ ಜೀಪು ಎಲ್ಲಿ ಕೆಟ್ಟು ನಿಂತಿದೆ ಎಂಬ ಸುದ್ದಿ ಬರುವುದು ಗುರುತಿಲ್ಲದ ನಂಬರಿನಿಂದಲೇ. ಆಲೂರು, ಸಕಲೇಶಪುರದ ಕಡೆ ಆನೆ ಯಾವ ತೋಟದಲ್ಲಿದೆ ಎಂಬ ಎಚ್ಚರಿಕೆಯೂ ಮೊಬೈಲಿಗೇ ಬರುತ್ತದೆ. ನಾಲ್ಕು ಸಲ ಮಾರಾಟದ ಕರೆ ಬಂದು ಬೇಸತ್ತು ಐದನೆಯದನ್ನು ಎತ್ತದೆ ಬಿಟ್ಟರೆ, ಆ ಐದನೆಯದೇ ಜೀವ ಉಳಿಸುವ ಕರೆಯಾಗಿರಬಹುದು. ಬೇಡದ ಕರೆಗಳಿಂದ ಆಗುವ ನಿಜವಾದ ನಷ್ಟ ಇದು.

ಎರಡನೆಯ ನಷ್ಟ ಕಣ್ಣಿಗೆ ಕಾಣುವಂಥದಲ್ಲ. ನಮ್ಮ ಮನೆಯಲ್ಲಿ ಎಷ್ಟು ಸರಕಿದೆ, ಸಾಲದ ಕಂತು ಯಾವ ತಿಂಗಳು ಎಂಬುದು ಕೊಳ್ಳುವವನಿಗೆ ತಿಳಿದರೆ, ನಾವು ಯಾವಾಗ ಮಾರಲೇಬೇಕಾಗುತ್ತದೆ ಎಂಬುದೂ ಅವನಿಗೆ ತಿಳಿದಂತೆಯೇ. ಅಂಥವನ ಎದುರು ಧಾರಣೆ ಚೌಕಾಸಿ ಮಾಡಿ ಗೆಲ್ಲುವುದು ಹೇಗೆ? ಹಿಂದಿನವರು ಉಗ್ರಾಣದ ಲೆಕ್ಕವನ್ನು ನೆಂಟರಿಗೂ ಹೇಳುತ್ತಿರಲಿಲ್ಲ. ನಾವು ಮುಖ ಕಾಣದವರಿಗೆ ಹೇಳುತ್ತಿದ್ದೇವೆ.

ಸಮೀಕ್ಷೆಗಳೆಲ್ಲ ಮೋಸವೆಂದು ನನ್ನ ಅಭಿಪ್ರಾಯವಲ್ಲ. ಕಾಫಿ ಬೋರ್ಡಿನವರು ಹೂವಾದ ಮೇಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಬೆಳೆ ಅಂದಾಜು ಮಾಡುತ್ತಾರೆ. ಅದು ಅಗತ್ಯವಾದ ಕೆಲಸ, ಸಹಕರಿಸಬೇಕು. ಆದರೆ ನಿಜವಾದ ಸಮೀಕ್ಷೆ ಮಾಡುವವನು ತನ್ನ ಹೆಸರು, ಸಂಸ್ಥೆ, ಉದ್ದೇಶ ಹೇಳಲು ಹಿಂಜರಿಯುವುದಿಲ್ಲ. "ನಿಮ್ಮ ಕಚೇರಿಯ ವಿಳಾಸ ಕೊಡಿ, ವಿಚಾರಿಸಿ ನಾನೇ ತಿಳಿಸುತ್ತೇನೆ" ಎಂದು ಕೇಳಿ ನೋಡಿ. ಕೃತ್ರಿಮದವನು ಅಲ್ಲಿಗೇ ಫೋನಿಡುತ್ತಾನೆ. ಫೋನು ಮಾಡುವ ಹುಡುಗ ಹುಡುಗಿಯರು ಹೊಟ್ಟೆಪಾಡಿಗೆ ದುಡಿಯುವವರು. ಅವರನ್ನು ಬೈಯುವುದು ಬೇಡ. "ಬೇಡಮ್ಮ" ಎಂದರೆ ಸಾಕು.

ಇನ್ನು ಕಾನೂನಿನ ಮಾತು. ಕರೆ ಬೇಡವೆನ್ನುವವರ ರಾಷ್ಟ್ರೀಯ ನೋಂದಣಿ ನಮ್ಮ ದೇಶದಲ್ಲಿ 2007ರಲ್ಲಿ ಆರಂಭವಾಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಎಂದರೆ ಟ್ರಾಯ್, 2010ರಲ್ಲಿ ಹಾಗೂ 2018ರಲ್ಲಿ ಹೊಸ ನಿಯಮಗಳನ್ನು ತಂದು, 2025ರ ಫೆಬ್ರವರಿಯಲ್ಲಿ ಅವನ್ನು ಬಿಗಿಗೊಳಿಸಿತು. ಸದಸ್ಯರು ಮಾಡಬೇಕಾದ್ದು ಇಷ್ಟು. ಮೊಬೈಲಿನಿಂದ 1909ಕ್ಕೆ ಕರೆ ಮಾಡಿ, ವಾಣಿಜ್ಯ ಕರೆ ಬೇಡವೆಂದು ನೋಂದಾಯಿಸಬೇಕು. ಎಲ್ಲವೂ ಬೇಡವೆನ್ನಬಹುದು, ಬ್ಯಾಂಕು, ವಿಮೆ, ಜಮೀನು ಹೀಗೆ ಬಾಬುವಾರು ಬೇಡವೆನ್ನಲೂಬಹುದು. ಬ್ಯಾಂಕಿನ ಜಮಾ ಖರ್ಚಿನ ಸಂದೇಶ ಇದರಿಂದ ನಿಲ್ಲುವುದಿಲ್ಲ.

ಮಾರಾಟದ ಕರೆಗಳಿಗೆಂದೇ 140ರಿಂದ ಶುರುವಾಗುವ ಸಂಖ್ಯೆಗಳಿವೆ. ಸಾಮಾನ್ಯ ಹತ್ತಂಕಿಯ ನಂಬರಿನಿಂದ ಮಾರಾಟಕ್ಕೆ ಕರೆ ಮಾಡುವುದೇ ನಿಯಮಭಂಗ. ಅಂಥ ಕರೆ ಬಂದರೆ ಏಳು ದಿನಗಳೊಳಗೆ, ನಂಬರು, ತಾರೀಖು, ಕರೆಯ ಸಾರಾಂಶ ಸಹಿತ 1909ಕ್ಕೆ ದೂರು ಕೊಡಬಹುದು. ಮೊದಲೇ ನೋಂದಾಯಿಸಿರಬೇಕೆಂಬ ಷರತ್ತು ಈಗಿಲ್ಲ. ಹತ್ತು ದಿನಗಳಲ್ಲಿ ಐದು ದೂರು ಬಂದರೆ ಕಂಪನಿ ಕ್ರಮ ಕೈಗೊಳ್ಳಬೇಕು. ಮೊದಲ ತಪ್ಪಿಗೆ ಹದಿನೈದು ದಿನ ಹೊರಹೋಗುವ ಕರೆ ಬಂದ್, ಮತ್ತೆ ತಪ್ಪಿದರೆ ಒಂದು ವರ್ಷ ಸಂಪರ್ಕವೇ ಕಡಿತ. ಐದು ಎಂಬ ಅಂಕಿಯನ್ನು ಗಮನಿಸಿ. ಒಬ್ಬನ ದೂರಿನಿಂದ ಆಗದ್ದು ಒಂದೂರಿನ ಐದು ಮನೆಯಿಂದ ಆದೀತು. ಸಹಕಾರ ತತ್ವಕ್ಕೆ ಇದಕ್ಕಿಂತ ಸುಲಭದ ಉದಾಹರಣೆ ಬೇಕೆ?

ಮೋಸಗಾರರಿಗೆ ಮಾತ್ರ ಈ ನೋಂದಣಿಯ ಹೆದರಿಕೆ ಇಲ್ಲ. ಪಿಎಂ ಕಿಸಾನ್ ಹಣ ನಿಂತಿದೆ, ಈ ಆ್ಯಪ್ ಹಾಕಿಕೊಳ್ಳಿ ಎಂದು ವಾಟ್ಸಾಪಿನಲ್ಲಿ ಬರುವುದನ್ನು ಒತ್ತಲೇಬೇಡಿ. ಓಟಿಪಿಯನ್ನು ಯಾರಿಗೂ ಹೇಳಬೇಡಿ; ಅದನ್ನು ಕೇಳುವ ಸಮೀಕ್ಷೆ ಜಗತ್ತಿನಲ್ಲಿಲ್ಲ. ಹಣ ಹೋಯಿತೆಂದು ತಿಳಿದ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿ. ನಾಚಿಕೆಯಿಂದ ಮರುದಿನಕ್ಕೆ ದೂಡಿದರೆ ಹಣ ಕೈತಪ್ಪುತ್ತದೆ.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ನಮ್ಮ ನಂಬರುಗಳು ಹೊರಗೆ ಹೋಗುವುದು ಗೊಬ್ಬರದ ಅಂಗಡಿಯ ಪುಸ್ತಕದಿಂದ, ಮೇಳದಲ್ಲಿ ತುಂಬಿದ ಬಹುಮಾನದ ಚೀಟಿಯಿಂದ ಎಂದು ನಾನೂ ಹೇಳುತ್ತಿದ್ದೆ. ಆದರೆ ಕೆಲವು ವರ್ಷಗಳ ಹಿಂದೆ ಕಂಪನಿಯೊಂದು ವಾರ್ಷಿಕ ಸಭೆಯ ಊಟದ ಖರ್ಚು ವಹಿಸಿಕೊಂಡು, ‘ಬೆಳೆಗಾರರಿಗೆ ಮಾಹಿತಿ ಕಳಿಸಲು’ ಸದಸ್ಯರ ಪಟ್ಟಿ ಕೇಳಿತು. ಕೊಟ್ಟವನು ನಾನೇ. ಒಂದು ಊಟಕ್ಕೆ ನಿಮ್ಮೆಲ್ಲರ ನೆಮ್ಮದಿ ಮಾರಿದಂತಾಯಿತೆಂದು ಆಗ ಹೊಳೆಯಲಿಲ್ಲ. ಯಾವ ಉದ್ದೇಶಕ್ಕೆ ಮಾಹಿತಿ ಪಡೆದಿದೆಯೋ ಅದಕ್ಕಷ್ಟೇ ಬಳಸಬೇಕೆಂಬುದು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು. ಕಾಯ್ದೆ ಬರುವ ಮೊದಲೂ ಅದು ಮರ್ಯಾದೆಯ ಮಾತೇ ಆಗಿತ್ತು.

ಆದ್ದರಿಂದ ಬರುವ ಮಹಾಸಭೆಯಲ್ಲಿ ನಾನೇ ಒಂದು ಠರಾವು ಮಂಡಿಸಲಿದ್ದೇನೆ. ಸದಸ್ಯರ ಲಿಖಿತ ಒಪ್ಪಿಗೆ ಇಲ್ಲದೆ ಹೆಸರು, ನಂಬರು, ಬೆಳೆ, ಸಾಲದ ವಿವರವನ್ನು ಸಂಘವು ಯಾವ ಖಾಸಗಿಯವರಿಗೂ ಕೊಡಕೂಡದು. ಕೊಟ್ಟ ಕಾರ್ಯದರ್ಶಿ ಸಭೆಗೆ ಉತ್ತರ ಹೇಳಬೇಕು. ತೋಟಕ್ಕೆ ಬೇಲಿ ಹಾಕುವ ನಾವು ದಣಪೆಯನ್ನು ತೆರೆದಿಟ್ಟು ದನವನ್ನು ಬೈದು ಫಲವಿಲ್ಲ. ಸದಸ್ಯ ಬಾಂಧವರು ತಪ್ಪದೆ ಸಭೆಗೆ ಬಂದು ಠರಾವನ್ನು ಚರ್ಚಿಸಿ ಅಂಗೀಕರಿಸಬೇಕೆಂದು ಅರಿಕೆ. ಫೋನು ಬಳಸಲು ತೊಡಕಿರುವವರು ಅದನ್ನು ಜೊತೆಗೇ ತರಲಿ; 1909ರ ನೋಂದಣಿಯನ್ನು ಅಲ್ಲೇ ಮಾಡಿಕೊಡೋಣ.