ಅಭ್ಯಾಸವೇ ಬೇರೆ, ವ್ರತವೇ ಬೇರೆ

ಯುಗಾದಿಯಂದೋ ಪರೀಕ್ಷೆಯ ಫಲಿತಾಂಶ ಬಂದ ಮರುದಿನವೋ ನಮ್ಮ ವಿದ್ಯಾರ್ಥಿಗಳು ದೊಡ್ಡ ಸಂಕಲ್ಪಗಳನ್ನು ಕೈಗೊಳ್ಳುವುದುಂಟು. ಬೆಳಗಿನ ಐದು ಗಂಟೆಗೆ ಏಳಬೇಕು, ದಿನಕ್ಕೆ ಹತ್ತು ಲೆಕ್ಕ ಬಿಡಿಸಬೇಕು, ಮೊಬೈಲನ್ನು ದೂರವಿಡಬೇಕು. ಒಂದು ವಾರ ಎಲ್ಲವೂ ಸಾಂಗವಾಗಿ ಸಾಗುತ್ತದೆ. ಎಂಟನೆಯ ದಿನ ಜ್ವರವೋ ನೆಂಟರೋ ಬಂದು ಕ್ರಮ ತಪ್ಪುತ್ತದೆ. ‘ಇನ್ನು ನನ್ನಿಂದಾಗದು’ ಎಂದು ಎಲ್ಲವನ್ನೂ ಕೈಬಿಡುತ್ತಾರೆ. ಅಭ್ಯಾಸವನ್ನು ವ್ರತವೆಂದು ಬಗೆದುದರ ಫಲವಿದು. ವ್ರತವು ಒಮ್ಮೆ ಭಂಗವಾದರೆ ಭಂಗವಾದಂತೆಯೇ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅಭ್ಯಾಸದ ನಿಯಮ ಹಾಗಿಲ್ಲವೆಂಬುದನ್ನು ಈಗ ಅಳೆದು ನೋಡಿದ್ದಾರೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 2009ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. 96 ಮಂದಿ ತಮಗೆ ಬೇಕಾದ ಒಂದೊಂದು ಹೊಸ ಅಭ್ಯಾಸವನ್ನು ಆರಿಸಿಕೊಂಡು, ದಿನವೂ ಒಂದೇ ಸಂದರ್ಭದಲ್ಲಿ, ಎಂದರೆ ಊಟದೊಡನೆಯೋ ತಿಂಡಿಯಾದ ಮೇಲೆಯೋ, 84 ದಿನ ಆಚರಿಸಿದರು. ಅದು ಯೋಚನೆಯಿಲ್ಲದೆ ತಾನಾಗಿಯೇ ನಡೆಯತೊಡಗುವ ಬಗೆಯನ್ನು ರೇಖೆಯಲ್ಲಿ ಗುರುತಿಸಲಾಯಿತು. ತಣ್ಣೀರಿನ ತಂಬಿಗೆಯು ಕೋಣೆಯ ಉಷ್ಣತೆಗೆ ಬರುವ ರೀತಿಯನ್ನು ನೆನೆಯಿರಿ: ಮೊದಲು ಬೇಗ, ಅನಂತರ ನಿಧಾನ, ಕೊನೆಗೆ ಸಮಸ್ಥಿತಿ. ಅಭ್ಯಾಸದ ರೇಖೆಯೂ ಬಹುಮಟ್ಟಿಗೆ ಇದನ್ನೇ ಹೋಲುತ್ತಿತ್ತು. ರೇಖೆ ಚೆನ್ನಾಗಿ ಹೊಂದಿದವರಲ್ಲಿ ಸಮಸ್ಥಿತಿಗೆ ಬೇಕಾದ ಕಾಲದ ಅಂದಾಜು 18 ದಿನಗಳಿಂದ 254 ದಿನಗಳವರೆಗೆ ಹರಡಿತ್ತು. ಅದರ ಮಧ್ಯಸಂಖ್ಯೆ 66. ನಡುವೆ ಒಂದು ದಿನ ತಪ್ಪಿದುದರಿಂದ ರೇಖೆಗೆ ಹೇಳಿಕೊಳ್ಳುವಂತಹ ಹಾನಿಯೇನೂ ಆಗಲಿಲ್ಲ. ನಾವು ಗಮನಿಸತಕ್ಕ ಮುಖ್ಯಾಂಶ ಇದೇ.

ಪಿರಿಯಾಪಟ್ಟಣದ ಸುತ್ತಿನ ಹಳ್ಳಿಗಳ ವಿದ್ಯಾರ್ಥಿಗಳಿಗೆ ಇದು ಸಣ್ಣ ಸಮಾಧಾನವಲ್ಲ. ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ನಿನ ಬೆಂಕಿ ರಾತ್ರಿಯೂ ಆರುವಂತಿಲ್ಲ. ಮನೆಯವರೊಡನೆ ಸರದಿಯಂತೆ ಎದ್ದು ಕಾಯುವ ಹುಡುಗರಿದ್ದಾರೆ. ಅವರ ಓದಿನ ಕ್ರಮ ತಪ್ಪಿದರೆ ಅದನ್ನು ಸೋಮಾರಿತನವೆನ್ನಲಾದೀತೇ? ಅದೇ ಹೊಲದಲ್ಲಿ ಅವರ ತಂದೆ ಮಾಡುವುದನ್ನು ನೋಡಿ. ನೆಟ್ಟ ಸಸಿಗಳಲ್ಲಿ ಕೆಲವು ಒಣಗಿದವೆಂದು ಯಾರೂ ಇಡೀ ಹೊಲವನ್ನು ಉತ್ತುಬಿಡುವುದಿಲ್ಲ. ಸತ್ತ ಸಸಿಯ ಜಾಗದಲ್ಲಿ ಮತ್ತೊಂದನ್ನು ನೆಟ್ಟು, ನೀರೆರೆದು ಮುಂದೆ ಸಾಗುತ್ತಾರೆ.

ಒಂದು ದಿನವಲ್ಲ, ವರ್ಷವೇ ಕೈತಪ್ಪಿದರೆ ಏನು ಗತಿ ಎಂದು ಕೇಳುವವರು ಭೌತಶಾಸ್ತ್ರದ ಅಧ್ಯಾಪಕ ಎಚ್. ನರಸಿಂಹಯ್ಯನವರ (1920–2005) ಬಾಳನ್ನು ನೋಡಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಈ ಬಡ ಹುಡುಗ 1935ರಲ್ಲಿ ಪ್ರೌಢಶಾಲೆಗೆಂದು ಬೆಂಗಳೂರಿಗೆ ನಡೆದೇ ಬಂದರು. 1942ರ ಚಳವಳಿಯಲ್ಲಿ ಸೆರೆಮನೆ ಸೇರಿದಾಗ ಅವರ ವ್ಯಾಸಂಗ ಮುರಿಯಿತು. ಬಿಡುಗಡೆಯಾದ ಮೇಲೆ ಮತ್ತೆ ಕಾಲೇಜಿಗೆ ಸೇರಿ ಓದು ಮುಗಿಸಿ, 1946ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. 1960ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. 1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ವಾರವಾರವೂ ವಿಜ್ಞಾನೋಪನ್ಯಾಸ ನಡೆಸುವ ರೂಢಿಯನ್ನು ಬೆಳೆಸಿತು. ಬುಧವಾರದ ಸಂಜೆಯೆಂದರೆ ಉಪನ್ಯಾಸ ಎಂದು ಕೇಳುಗರಿಗೆ ಬಾಯಿಪಾಠವಾಯಿತು.

ಮನಸ್ಸಿನ ಸ್ಥೈರ್ಯವೆಂದರೆ ಎಂದೂ ಎಡವದಿರುವುದೆಂದು ತಿಳಿದವರು ಮೊದಲ ಎಡವಿಗೇ ಕುಗ್ಗುತ್ತಾರೆ. ಎಡವಿದ ಮೇಲೆ ಹಿಂದಿರುಗಿ ಬರುವುದೇ ಸ್ಥೈರ್ಯವೆಂದು ನನ್ನ ಮತ. ಹಿಂದಿರುಗುವುದನ್ನೂ ಅಭ್ಯಾಸ ಮಾಡಬಹುದು. ಆರಿಸಿಕೊಂಡ ಕೆಲಸ ಚಿಕ್ಕದಾಗಿರಲಿ. ಒಂದು ಪುಟ ಓದಿದರೂ ಸಾಕು. ಅದನ್ನು ಸಂಜೆಯ ಕಾಫಿಗೋ ಬಸ್ಸಿಳಿದು ಮನೆ ಸೇರುವ ವೇಳೆಗೋ ಗಂಟುಹಾಕಿರಿ. ತಪ್ಪಿದ ದಿನವನ್ನು ಪ್ರಯೋಗಶಾಲೆಯ ಪುಸ್ತಕದಲ್ಲಿ ಅಳತೆ ಬರೆಯುವಂತೆ ಕಾರಣಸಹಿತ ಬರೆದಿಡಿ; ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಮರುದಿನ ಇಮ್ಮಡಿ ಓದಿ ಸಾಲ ತೀರಿಸಹೋಗಬೇಡಿ. ಅದೇ ವೇಳೆಗೆ ಅದೇ ಒಂದು ಪುಟವನ್ನು ತೆರೆಯಿರಿ.