ಪಹಣಿ ಐತಿ, ಏಳು ವರ್ಷ ಇಲ್ಲ

ರೋಹಿಣಿ ಮಳಿ ಈ ಸಲ ಕೈಕೊಟ್ಟಿತು. ಮೃಗಶಿರಾ ಒಂದು ಹದ ಆತು ಅಂತ ಮೊನ್ನೆ ಎರಿ ಹೊಲದಾಗ ಹೆಸರು ಬಿತ್ತಾಕ ಕೂರಿಗಿ ಹೂಡಿದ್ವಿ. ಬೀಜ ಬಿಡಾಕ ಬರ್ತೀನಿ ಅಂದಿದ್ದ ಪಕ್ಕದ ಹೊಲದವರ ಹುಡುಗಿ ಬರಲೇ ಇಲ್ಲ. ಅಪ್ಪನ ಜೊತಿ ಕಾಗದ ಹಿಡಕೊಂಡು ಕಚೇರಿ ಕಚೇರಿ ಅಡ್ಡಾಡಕ್ಕತ್ತಾಳ ಅಂದ್ರು. ಸಂಜಿಮುಂದ ಅವರ ಮನಿಗೆ ಹೋದೆ. ವಿಷಯ ಕೇಳಿ ಸಿಟ್ಟು ಬಂತು, ಅದಕ್ಕ ಇಷ್ಟುದ್ದ ಬರೆಯುತ್ತಿದ್ದೇನೆ.

ಹುಡುಗಿ ಸಿಇಟಿ ಬರೆದಾಳ. ಬಿ.ಎಸ್ಸಿ. ಕೃಷಿ ಓದೋ ಆಸೆ. ಒಂದರಿಂದ ಮೂರನೇತ್ತ ನಮ್ಮೂರ ಶಾಲೆ. ಆಮೇಲೆ ಸತತ ಬರ, ಮನೆಮಂದಿಯೆಲ್ಲ ಗೋವಾಕ್ಕ ಗುಳೆ. ನಾಲ್ಕರಿಂದ ಹತ್ತು ಅಲ್ಲೇ. ಪಿಯುಸಿಗೆ ಅಜ್ಜಿ ಹತ್ರ ಬಂದು ಕೊಪ್ಪಳದಾಗ ಓದಿದಳು. ಕರ್ನಾಟಕದಾಗ ಓದಿದ್ದು ಒಟ್ಟು ಐದು ವರ್ಷ. ಸರ್ಕಾರಿ ಸೀಟಿಗೆ ಬೇಕಾದ್ದು ಏಳು. ಅಲ್ಲಿಗೆ ಕಥಿ ಮುಗೀತು.

ಇನ್ನೊಂದು ದಾರಿ ಐತಿ. ಮಗು ಎರಡು ವರ್ಷದ ಪಿಯುಸಿ ಇಲ್ಲೇ ಓದಿ, ತಂದೆ ಇಲ್ಲವೇ ತಾಯಿ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದರೆ ಸಾಕು. ಅವರ ವ್ಯಾಸಂಗ ಪತ್ರಕ್ಕೆ ಬಿಇಒ ಸಹಿ ಹಾಕಿಸಿ ಕೊಡಬೇಕು. ಈ ಹುಡುಗಿ ಅಪ್ಪ ನಾಲ್ಕನೇತ್ತಕ್ಕ ಶಾಲೆ ಬಿಟ್ಟು ಎತ್ತು ಕಾಯಾಕ ಹೋದವ. ಅವ್ವ ಶಾಲೆಯ ಕಟ್ಟಿ ಹತ್ತಿದವಳಲ್ಲ. ಅಂದ್ರ ಓದಿದ ಅಪ್ಪ ತನ್ನ ಮಗಳು ಈ ನಾಡಿನವಳು ಅಂತ ಸಾಕ್ಷಿ ಹೇಳಬಹುದು, ಓದದ ಅಪ್ಪ ಹೇಳೋ ಹಂಗಿಲ್ಲ! ಯಾರಿಗೆ ಶಾಲೆ ಕೊಡಲಿಲ್ಲವೋ ಅವರ ಹತ್ರನೇ ಶಾಲೆಯ ಕಾಗದ ಕೇಳ್ತೀರಲ್ಲ, ಇದು ಯಾವ ನ್ಯಾಯ?

ಅವರ ನಾಲ್ಕು ಎಕರೆ ಮುತ್ತಜ್ಜನ ಕಾಲದ್ದು. 2000ದ ಸುಮಾರಿಗೆ ಪಹಣಿ ಕಂಪ್ಯೂಟರಿಗೆ ಏರಿದಾಗಿಂದ 'ಭೂಮಿ'ಯಲ್ಲಿ ಅವರ ಮನೆತನದ ಹೆಸರೈತಿ. 'ಫ್ರೂಟ್ಸ್'ನಾಗ ಎಫ್‌ಐಡಿ ನಂಬರ್ ಐತಿ. ಬೆಳೆ ಸಮೀಕ್ಷೆಯವರು ಬಂದು ಹೊಲದ ಫೋಟೋ ತಗೊಂಡು ಹೋಗ್ತಾರ. ಸರ್ಕಾರಕ್ಕ ಆ ಹೊಲದಾಗ ಹೆಸರು ಐತೋ ಕಡ್ಲಿ ಐತೋ ಗೊತ್ತು. ಹೊಲದವ ಯಾವ ರಾಜ್ಯದವ ಅನ್ನೋದು ಮಾತ್ರ ಗೊತ್ತಿಲ್ಲ.

ಇದಕ್ಕೂ ಮಿಗಿಲಾದ್ದು ಕೇಳ್ರಿ. ನಮ್ಮದು ಕಲ್ಯಾಣ ಕರ್ನಾಟಕ. 2012ರ ತಿದ್ದುಪಡಿಯಿಂದ ಬಂದ 371ಜೆ ಕಲಮಿನಲ್ಲಿ, ಹುಟ್ಟಿನಿಂದ ಇಲ್ಲವೇ ವಾಸದಿಂದ ಈ ಭಾಗಕ್ಕೆ ಸೇರಿದ ವಿದ್ಯಾರ್ಥಿಗೆ ಮೀಸಲಾತಿ ಕೊಡಬಹುದು ಅಂತ ಸಂವಿಧಾನದಲ್ಲೇ ಬರೆದಾರ. ಹುಡುಗಿ ಹುಟ್ಟಿದ್ದು ಇಲ್ಲೇ, 371ಜೆ ಪ್ರಮಾಣಪತ್ರ ಕೈಯಾಗ ಐತಿ. ಒಂದು ಕಾಗದ ಆಕೀನ ಕಲ್ಯಾಣ ಕರ್ನಾಟಕದವಳು ಅಂತೈತಿ, ಇನ್ನೊಂದು ನಿಯಮ ಕರ್ನಾಟಕದ ಸೀಟಿಗೇ ಅರ್ಹಳಲ್ಲ ಅಂತೈತಿ. ಕೊಪ್ಪಳ ಮತ್ತ್ಯಾವ ರಾಜ್ಯದಾಗ ಐತ್ರಿ?

ನಿಯಮನೇ ಬ್ಯಾಡ ಅನ್ನಾಕತ್ತಿಲ್ಲ ನಾನು. ನಿಯಮ ಇಲ್ಲದಿದ್ರ ದುಡ್ಡಿದ್ದವರು ಎಲ್ಲಿಂದಲೋ ಬಂದು, ಎರಡು ವರ್ಷ ಬಾಡಿಗಿ ಖೋಲಿ ಹಿಡಿದು, ಸೀಟು ಎತ್ತಿಕೊಂಡು ಹೋಗ್ತಾರ. ಅದು ತಡೀಬೇಕು, ಖರೇ. ಆದ್ರ ಸೈನಿಕರ ಮಕ್ಕಳಿಗೆ ವಿನಾಯಿತಿ ಐತಿ (ಇರಲೇಬೇಕು). ಇಲ್ಲಿಂದ ಆರಿಸಿ ಹೋದ ಸಂಸದರ ಮಕ್ಕಳಿಗೂ ಬೇರೆ ಕಲಮು ಐತಿ. ದಿಲ್ಲಿಗೆ ಹೋದವರದ್ದು ಸೇವೆ, ಗೋವಾಕ್ಕೆ ಸಿಮೆಂಟ್ ಹೊರಾಕ ಹೋದವರದ್ದು ತಪ್ಪು! ಹೊರನಾಡ ಕನ್ನಡಿಗರಿಗೆ ಕನ್ನಡ ಪರೀಕ್ಷೆ ಬರೆಸಿ ಅವಕಾಶ ಕೊಡ್ತಾರ, ಒಳ್ಳೇದು. ಆದ್ರ ಅದು ಹೊರಗೇ ನೆಲೆ ನಿಂತವರನ್ನು ನೋಡಿ ಮಾಡಿದ್ದು. ಹೊರಗೆ ದುಡಿದು, ಹೊಲ ಬಿಡದೆ, ತಿರುಗಿ ಬಂದವರಿಗೆ ಖಾನೆ ಎಲ್ಲೈತಿ?

ಕೇಳೋದು ಇಷ್ಟೇ. ತಂದೆ-ತಾಯಿಯ ಶಾಲೆ ಪತ್ರದ ಬದಲಿಗೆ ಹತ್ತು ವರ್ಷದ ಪಹಣಿ, ಇಲ್ಲವೇ ಅಷ್ಟೇ ಹಳೆಯ ರೇಷನ್ ಕಾರ್ಡು, ಉದ್ಯೋಗ ಖಾತ್ರಿ ಕಾರ್ಡು ಒಪ್ಪಿಕೊಳ್ರಿ. ಭೂಮಿ ಇಲ್ಲದ ಕೂಲಿಕಾರರೂ ಗುಳೆ ಹೋಗ್ತಾರ, ಅದಕ್ಕ ಪಹಣಿ ಒಂದನ್ನೇ ಹೇಳಲಿಲ್ಲ. ಈ ದಾಖಲೆ ಎಲ್ಲ ಸರ್ಕಾರದವೇ, ತಾಳೆ ನೋಡೋದು ಕಷ್ಟ ಅಲ್ಲ.

ಹುಡುಗಿ ತಮ್ಮ ಗೋವಾದಾಗ ಈಗಷ್ಟೇ ಐದನೇತ್ತ ಮುಗಿಸ್ಯಾನ. ಅವನನ್ನ ಈ ವಾರನೇ ಅಜ್ಜಿ ಹತ್ರ ತಂದು ಬಿಡ್ತಾರಂತ. ಅವ್ವ ಬೆರಳು ಮಡಿಸಿ ಎಣಿಸಿ ತೋರಿಸಿದಳು: ಆರರಿಂದ ಹನ್ನೆರಡು, ಸರಿಯಾಗಿ ಏಳು.